ಚಾವಿ, ಟುವಾಲು, ಅಲಮಾರು: ಸಾವೊ ಪೌಲೊದ ಗೇ ಸೌನಾಗಳಲ್ಲಿ ನನ್ನ ರಜೆ

ಕೌಂಟರಿನ ಹುಡುಗ ಮೂರು ಕಡೆ ಬೆರಳು ತೋರಿಸಿ ಮೂರು ಮಾತು ಹೇಳಿದ. ‘ಶಾವಿ. ತೊವಾಲ್ಯಾ. ಅರ್ಮಾರಿಯು.’ ನನಗೆ ಪೋರ್ಚುಗೀಸ್ ಬರುವುದು ಅಷ್ಟಕ್ಕಷ್ಟೇ. ಆದರೆ ಆ ಮೂರೂ ಮಾತು ಥಟ್ಟನೆ ಗೊತ್ತಾದವು. ನಾನು ಕುಮಟಾ ಕಡೆಯವನು. ನಮ್ಮ ಅಜ್ಜಿ ಬೀಗದ ಕೈಗೆ ಚಾವಿ ಅನ್ನುತ್ತಿದ್ದರು, ಮೈ ಒರೆಸುವ ಬಟ್ಟೆಗೆ ಟುವಾಲು ಅನ್ನುತ್ತಿದ್ದರು, ಸೀರೆ ಇಡುವ ಕಪಾಟಿಗೆ ಅಲಮಾರು ಅನ್ನುತ್ತಿದ್ದರು. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದಾಗ ಬಿಟ್ಟುಹೋದ ಮಾತುಗಳು. ಅದೇ ಮಾತುಗಳು ಭೂಮಿಯ ಇನ್ನೊಂದು ಕಡೆ, ಗಂಡಸರು ಗಂಡಸರನ್ನು ಭೇಟಿ ಮಾಡುವ ಜಾಗದ ಬಾಗಿಲಲ್ಲಿ ನನಗೆ ಸಿಕ್ಕವು. ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ಅಲ್ಲಿಗೆ ಅರ್ಧ ಕಡಿಮೆಯಾಯಿತು.

ನಾನು ಗೇ. ವಯಸ್ಸು 43. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಪ್ರಾಜೆಕ್ಟ್ ಮೇಲೆ ಮೂರು ತಿಂಗಳು ಬ್ರೆಜಿಲ್‌ನ ಸಾವೊ ಪೌಲೊಗೆ ಕಳಿಸಿದ್ದರು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಆಫೀಸಿಗೆ ರಜೆ. ಊರಿಗೆ ಬಂದು ಹೋಗೋಣವೆಂದರೆ ಒಂದೊಂದು ಕಡೆಗೂ ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ, ಟಿಕೆಟ್ ದರವೂ ಆಕಾಶಕ್ಕೆ ಏರಿತ್ತು. ಅಲ್ಲೇ ಉಳಿದೆ. ಆ ಹನ್ನೆರಡು ದಿನದಲ್ಲಿ ನಾಲ್ಕು ಸೌನಾಗಳಿಗೆ, ಅಂದರೆ ಬಿಸಿ ಕೋಣೆ, ಆವಿ ಕೋಣೆ ಇರುವ ಸ್ನಾನದ ಮನೆಗಳಿಗೆ ಹೋದೆ, ಒಂದಕ್ಕೆ ಮತ್ತೆ ಮತ್ತೆ. ಇಂಥ ಜಾಗಗಳ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹೋಗುವ ಮುಂಚೆ ತುಂಬಾ ಹುಡುಕಿದ್ದೆ. ನನಗೆ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರುಗಳನ್ನು ಹಾಕುವುದಿಲ್ಲ. ಏರಿಯಾ ಹೇಳುತ್ತೇನೆ, ಜಾಗ ಹೇಗಿತ್ತು ಅಂತ ಹೇಳುತ್ತೇನೆ. ಅಲ್ಲಿಗೆ ಹೋದವರಿಗೆ ಹುಡುಕುವುದು ಕಷ್ಟವಿಲ್ಲ.

ಮೊದಲು ಒಂದು ವಿಷಯ ಗೊತ್ತಿರಬೇಕು. ಅಲ್ಲಿ ಗೇ ಸೌನಾ ಅಂದರೆ ಎರಡು ಬಗೆ. ಒಂದು ಬಗೆಯಲ್ಲಿ ಬರುವವರೆಲ್ಲ ನಮ್ಮಂಥ ಗಿರಾಕಿಗಳೇ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಬಿಸಿನೀರು, ಆವಿ, ಬಾರ್, ಮಾತು, ಯಾರಾದರೂ ಮನಸ್ಸಿಗೆ ಬಂದರೆ ಸಣ್ಣ ಕೋಣೆ. ಇನ್ನೊಂದು ಬಗೆಯಲ್ಲಿ ದುಡ್ಡಿಗೆ ಜೊತೆಯಾಗುವ ಹುಡುಗರು ಇರುತ್ತಾರೆ. ಅವರನ್ನು ಗರೋತು ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ ವಯಸ್ಕರು ಆ ಕೆಲಸ ಮಾಡುವುದು ಅಪರಾಧವಲ್ಲ. ಸರ್ಕಾರದ ಉದ್ಯೋಗಗಳ ಪಟ್ಟಿಯಲ್ಲಿ 2002ರಿಂದ ಅದೂ ಒಂದು ಉದ್ಯೋಗವಾಗಿ ಇದೆ. ಎರಡೂ ಬಗೆಗೆ ಹೊರಗಿನ ಬೋರ್ಡಿನಲ್ಲಿ ‘ಸೌನಾ’ ಅಥವಾ ‘ಥರ್ಮಾಸ್’ ಅಂತಲೇ ಇರುತ್ತದೆ. ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೌಂಟರಿನಲ್ಲಿ ‘ಟೆಂಗ್ ಗರೋತು?’, ಗರೋತು ಇದ್ದಾರಾ, ಅಂತ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ನಾನು ಕೇಳದೆ ಹೋದೆ. ದಕ್ಷಿಣದ ಕಡೆ, ಆಸ್ಪತ್ರೆಗಳು ಜಾಸ್ತಿ ಇರುವ ಒಂದು ಏರಿಯಾದಲ್ಲಿ. ಒಳಗೆ ಹೋಗಿ ಬಾರ್‌ನಲ್ಲಿ ಕೂತ ಮೇಲೆ ಒಬ್ಬ ಹುಡುಗ ಬಂದು ಪಕ್ಕದಲ್ಲಿ ಕೂತ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬೇಕು. ಅವನ ಟವೆಲ್ ಬಣ್ಣವೇ ಬೇರೆ ಇತ್ತು, ಆಗ ಗೊತ್ತಾಯಿತು. ನನಗೆ ಅದು ಬೇಡವಾಗಿತ್ತು. ಬೇಡ ಅಂತ ಹೇಳಿದೆ. ಅವನು ನಕ್ಕು, ಎದ್ದು ಹೋಗದೆ, ಹತ್ತು ನಿಮಿಷ ಸುಮ್ನೆ ಮಾತಾಡಿಸಿದ. ಈಶಾನ್ಯ ಬ್ರೆಜಿಲ್‌ನ ಒಂದು ಹಳ್ಳಿಯವನು, ಊರಿನಲ್ಲಿ ಅಮ್ಮನ ಮನೆಗೆ ಹೊಸ ಚಾವಣಿ ಹಾಕಿಸುತ್ತಿದ್ದ. ಡಿಸೆಂಬರ್‌ನಲ್ಲಿ ಸಂಪಾದನೆ ಚೆನ್ನಾಗಿರುತ್ತದೆ, ಜನವರಿ ಮುಗಿದ ಮೇಲೆ ಊರಿಗೆ ಹೋಗಿ ಬರುತ್ತೇನೆ ಅಂದ. ಆ ಜಾಗ ಶುಚಿಯಾಗಿತ್ತು, ಲೆಕ್ಕವೂ ನೇರ. ನನಗೆ ಬೇಕಿದ್ದದ್ದು ಬೇರೆ, ಅಷ್ಟೇ. ಇನ್ನೊಬ್ಬರಿಗೆ ಅದೇ ಬೇಕಿರಬಹುದು. ಹಾಗೆ ಹೋಗುವವರು ಒಂದು ಮಾಡಿ: ದರವನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ, ಮಾತಾಡಿದ್ದನ್ನು ಕೊಡಿ. ಚೌಕಾಸಿ ಮಾಡಿ ಮನುಷ್ಯನನ್ನು ಕುಗ್ಗಿಸಬೇಡಿ.

ಈಗ ಒಳ್ಳೆಯದರ ಬಗ್ಗೆ.

ನಗರದ ಮಧ್ಯಭಾಗದಲ್ಲಿ ಹೆಪುಬ್ಲಿಕಾ ಅನ್ನುವ ಮೆಟ್ರೊ ಸ್ಟೇಷನ್ ಇದೆ. ಬರೆಯುವುದು ರೆಪುಬ್ಲಿಕಾ, ಬಾಯಲ್ಲಿ ಹೆಪುಬ್ಲಿಕಾ. ಅಲ್ಲಿಂದ ಐದಾರು ನಿಮಿಷ ನಡೆದರೆ ಲಾರ್ಗೊ ಡೊ ಅರೋಶಿ. ಹೂವಿನ ಅಂಗಡಿಗಳಿರುವ ಹಳೆಯ ಚೌಕ. ಎಷ್ಟೋ ದಶಕಗಳಿಂದ ಸಾವೊ ಪೌಲೊದ ಗೇ ಜನ ಸೇರುವ ಜಾಗ ಅದು. ಸಂಜೆ ಬಾರ್‌ಗಳ ಕುರ್ಚಿಗಳು ಫುಟ್‌ಪಾತ್ ಮೇಲೆ ಬರುತ್ತವೆ. ಬಿಳಿ ಕೂದಲಿನ ಗಂಡಸರು ಇಬ್ಬಿಬ್ಬರು ಕೂತು ಬಿಯರ್ ಕುಡಿಯುತ್ತಿರುತ್ತಾರೆ. ಅವರಲ್ಲಿ ಒಬ್ಬರ ಕೈ ಇನ್ನೊಬ್ಬರ ಮಂಡಿ ಮೇಲೆ ಇರುತ್ತದೆ. ನೋಡುವವರೂ ಇಲ್ಲ, ನೋಡಬಾರದು ಅನ್ನುವವರೂ ಇಲ್ಲ. ಆ ಕೈಯನ್ನು ನಾನು ಮೊದಲ ದಿನ ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ನನಗೆ ಇಷ್ಟವಾದ ಸೌನಾ ಆ ಕಡೆಯದೇ. ಹೊರಗಿನಿಂದ ಸಾಧಾರಣ ಕಟ್ಟಡ, ಕಿಟಕಿ ಇಲ್ಲ, ಒಂದು ಬಾಗಿಲು, ಒಂದು ಬೆಲ್. ವಯಸ್ಸು ನೋಡಲು ಗುರುತಿನ ಚೀಟಿ ಕೇಳುತ್ತಾರೆ. ನಾನು ಪಾಸ್‌ಪೋರ್ಟಿನ ನಕಲು ತೋರಿಸಿದೆ, ಸಾಕು ಅಂದರು. ಹೆಸರು ಬರೆದುಕೊಳ್ಳಲಿಲ್ಲ. ಮದುವೆಯಾಗಿದೆಯಾ, ಯಾವ ದೇಶ, ಯಾಕೆ ಬಂದೆ, ಯಾವ ಪ್ರಶ್ನೆಯೂ ಇಲ್ಲ. ಪ್ರವೇಶ ದರ 80 ರಿಯಲ್. ಆಗ ಒಂದು ರಿಯಲ್‌ಗೆ ನಮ್ಮ ಸುಮಾರು 15 ರೂಪಾಯಿ, ಅಂದರೆ 1,200 ರೂಪಾಯಿ. ಎಷ್ಟು ಹೊತ್ತಾದರೂ ಇರಬಹುದು.

ಕೊಟ್ಟದ್ದು ಇಷ್ಟು. ದಪ್ಪನೆಯ ಬಿಳಿ ಟವೆಲ್ ಎರಡು. ರಬ್ಬರ್ ಚಪ್ಪಲಿ ಒಂದು ಜೊತೆ. ಎರಡು ಕಾಂಡೋಮ್, ಒಂದು ಪೊಟ್ಟಣ ಜೆಲ್. ಮತ್ತೆ ಎಲಾಸ್ಟಿಕ್ ಪಟ್ಟಿಗೆ ಕಟ್ಟಿದ ಕೀ, ನಂಬರ್ 64. ಆ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು. ಬಟ್ಟೆ, ಫೋನ್, ಪರ್ಸ್ ಎಲ್ಲ ಲಾಕರಿನಲ್ಲಿ. ಆಮೇಲೆ ಒಳಗೆ ನಿಮ್ಮ ಗುರುತು ಅಂದರೆ ಆ ನಂಬರ್ ಒಂದೇ. ಬಾರ್‌ನಲ್ಲಿ ಏನು ತೆಗೆದುಕೊಂಡರೂ ಕೀ ತೋರಿಸಿದರೆ ಅದರ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ, ಹೊರಡುವಾಗ ಒಟ್ಟಿಗೆ ದುಡ್ಡು. ಫೋನ್ ಒಳಗೆ ತರುವ ಹಾಗಿಲ್ಲ ಅನ್ನುವುದನ್ನು ಅವರು ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಾರೆ. ಒಬ್ಬ ಹುಡುಗ ಟವೆಲ್ ಒಳಗೆ ಫೋನ್ ಮುಚ್ಚಿಟ್ಟುಕೊಂಡು ಬಂದಿದ್ದ. ಕೆಲಸದವರು ಕೂಗಾಡದೆ ಅವನನ್ನು ಲಾಕರಿನವರೆಗೆ ಕರೆದುಕೊಂಡು ಹೋಗಿ ಇಡಿಸಿ ಬಂದರು. ನಮ್ಮಂಥವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಒಣ ಸೌನಾ ಮರದ ಹಲಗೆಯ ಕೋಣೆ, ಬಾಗಿಲ ಪಕ್ಕದ ಮೀಟರಿನಲ್ಲಿ 85 ಡಿಗ್ರಿ ಇತ್ತು. ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಲು ನನ್ನಿಂದ ಆಗಲಿಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವನು ನಾನು, ಜಾಗ್ರತೆ ಬೇಕು. ಆವಿಯ ಕೋಣೆಯ ವಿಷಯವೇ ಬೇರೆ.

ಅದರ ಬಾಗಿಲು ತೆಗೆದ ತಕ್ಷಣ ನೀಲಗಿರಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಬಿಳಿ ಟೈಲ್ಸ್, ಮೂರು ಮೆಟ್ಟಿಲು, ಮೇಲಿನ ಮೆಟ್ಟಿಲಿನಲ್ಲಿ ಬಿಸಿ ಜಾಸ್ತಿ. ಒಂದು ಕೈ ದೂರದಲ್ಲಿ ಏನೂ ಕಾಣುವುದಿಲ್ಲ. ಮೂಲೆಯಲ್ಲಿ ಒಂದು ಕೊಳವೆ. ಅದರ ಬಾಯಿಗೆ ಸೊಪ್ಪಿನ ಕಟ್ಟು ಕಟ್ಟಿದ್ದರು, ನಿಜವಾದ ನೀಲಗಿರಿ ಸೊಪ್ಪು. ಆವಿ ಅದರ ನಡುವೆ ನುಗ್ಗಿ ಬರುವಾಗ ಎಲೆಗಳು ಪಟಪಟ ನಡುಗುತ್ತಿದ್ದವು. ಕೆಲವು ನಿಮಿಷಕ್ಕೊಮ್ಮೆ ಆವಿ ಬರುತ್ತದೆ, ನಿಲ್ಲುತ್ತದೆ. ನಿಂತಾಗ ಚಾವಣಿಯಿಂದ ಹನಿ ಬೀಳುವ ಸದ್ದು. ನಾನು ಕಣ್ಣು ಮುಚ್ಚಿ ಕೂತೆ. ಊರಿನ ಬಚ್ಚಲು ಮನೆ ನೆನಪಾಯಿತು. ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ, ತೆಂಗಿನ ಗರಿಯ ಬೆಂಕಿ, ಹೊಗೆ ಮತ್ತು ಆವಿ ಬೆರೆತ ಕತ್ತಲು. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ ಅಜ್ಜಿ ತಲೆಗೆ ಎಣ್ಣೆ ಒತ್ತಿ, ಬಿಸಿನೀರು ಸುರಿಯುತ್ತಿದ್ದರು. ಮೈಯನ್ನು ಯಾರೋ ಅಕ್ಕರೆಯಿಂದ ಮುಟ್ಟುವುದು, ಅದರಲ್ಲಿ ನಾಚಿಕೆಯೇ ಇಲ್ಲದಿರುವುದು, ಅದು ನನಗೆ ಎಂಟೊಂಬತ್ತು ವರ್ಷಕ್ಕೇ ಮುಗಿದುಹೋಗಿತ್ತು. ಆಮೇಲೆ ನನ್ನ ಮೈ ನನಗೇ ಮುಚ್ಚಿಡಬೇಕಾದ ವಸ್ತುವಾಯಿತು.

ಒಳಗೆ ಯಾರು ಯಾರನ್ನೂ ಬಲವಂತ ಮಾಡುವುದಿಲ್ಲ. ಇದರ ಬಗ್ಗೆ ನನಗೆ ಭಯವಿತ್ತು, ನಿಮಗೂ ಇರಬಹುದು. ಯಾರಾದರೂ ಹತ್ತಿರ ಬಂದು ಭುಜ ಮುಟ್ಟಿದರೆ, ಬೇಡ ಅನ್ನಿಸಿದರೆ, ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಲೆ ಅಲ್ಲಾಡಿಸಿದರೆ ಆಯಿತು. ಮಾತು ಬೇಕಿಲ್ಲ. ಅವರೂ ಬೇಸರ ಮಾಡಿಕೊಳ್ಳುವುದಿಲ್ಲ, ಹತ್ತು ನಿಮಿಷ ಬಿಟ್ಟು ಬಾರ್‌ನಲ್ಲಿ ಸಿಕ್ಕರೆ ನಗುತ್ತಾರೆ. ನನ್ನ ಕೈಯನ್ನೂ ಒಬ್ಬರು ಹಾಗೆ ಸರಿಸಿದರು. ಒಂದು ಕ್ಷಣ ಪಿಚ್ಚೆನಿಸಿತು, ಮರೆತೆ. ಒಬ್ಬರ ಮೈ ಅವರದ್ದು ಅನ್ನುವುದನ್ನು ಅಷ್ಟು ಸಲೀಸಾಗಿ ನಡೆಸಿಕೊಳ್ಳುವ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ.

ಎಲ್ಲ ವಯಸ್ಸಿನವರೂ ಇದ್ದರು. ಹೊಟ್ಟೆ ಇರುವವರು, ಬೋಳು ತಲೆಯವರು, ಜಿಮ್ ಮೈಯವರು, ಎದೆಯ ಮೇಲೆ ಆಪರೇಷನ್ ಗೆರೆ ಇರುವವರು. ಕಪ್ಪು, ಕಂದು, ಬಿಳಿ, ಜಪಾನಿ ಮುಖದವರು. ಸಾವೊ ಪೌಲೊದಲ್ಲಿ ಜಪಾನ್ ಮೂಲದ ಜನ ತುಂಬಾ. ನನ್ನ ಬಣ್ಣ ಅಲ್ಲಿ ಎದ್ದು ಕಾಣಲೇ ಇಲ್ಲ. ‘ನೀನು ಬಾಯಿಯಾದವನಾ?’ ಅಂತ ಇಬ್ಬರು ಕೇಳಿದರು. ಬಾಯಿಯಾ ಅಂದರೆ ಅವರ ಈಶಾನ್ಯದ ಒಂದು ರಾಜ್ಯ. ಇಂಡಿಯಾ ಅಂದ ಮೇಲೆ ಕಣ್ಣರಳಿಸಿ, ಅಲ್ಲಿ ಕಾನೂನು ಹೇಗಿದೆ ಅಂತ ವಿಚಾರಿಸಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಹಿಡಿತದಿಂದ ನಮ್ಮನ್ನು ಬಿಡಿಸಿದ್ದು ಹೇಳಿದೆ. ಮದುವೆ? ಇಲ್ಲ, 2023ರಲ್ಲಿ ಕೋರ್ಟ್ ಅದಕ್ಕೆ ಒಪ್ಪಲಿಲ್ಲ ಅಂದೆ. ಕೇಳಿದವರು ಒಂದು ಜೋಡಿ, ಇಬ್ಬರ ಬೆರಳಲ್ಲೂ ಒಂದೇ ತರಹದ ಉಂಗುರ. ಅವರ ದೇಶದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗಿ ಜೋಡಿಗಳನ್ನು ಕುಟುಂಬ ಅಂತ ಒಪ್ಪಿತು. 2013ರಿಂದ ಯಾವ ರಿಜಿಸ್ಟ್ರಾರ್ ಕಚೇರಿಯೂ ಅವರ ಮದುವೆಗೆ ಇಲ್ಲ ಅನ್ನುವ ಹಾಗಿಲ್ಲ. ‘ನಿಮ್ಮದೂ ಆಗುತ್ತೆ’ ಅಂತ ಅವರಲ್ಲಿ ದೊಡ್ಡವನು ನನ್ನ ತಲೆ ಸವರಿದ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು ಮಾತಾಡಿದ ಕಾನೂನು ಮಾತು ಇದು.

ಊಟ ತಿಂಡಿ ವಿಷಯ. ಬಾರ್‌ನಲ್ಲಿ ಪಾವ್ ಜಿ ಕೇಜು ಸಿಗುತ್ತದೆ. ಮರಗೆಣಸಿನ ಹಿಟ್ಟು ಮತ್ತು ಚೀಸ್‌ನ ಸಣ್ಣ ಉಂಡೆಗಳು, ಹೊರಗೆ ಗರಿಗರಿ, ಒಳಗೆ ಮೆತ್ತಗೆ ಎಳೆ ಎಳೆ. ಮಾಂಸ ತಿನ್ನದವರು ಇದರ ಮೇಲೆ ಬದುಕಬಹುದು, ಆದರೆ ಮೊಟ್ಟೆ ಇರುತ್ತದೆ, ನೆನಪಿರಲಿ. ಎಳನೀರು ಇತ್ತು. ಗ್ವಾರಾನಾ ಅನ್ನುವ ಅವರ ತಂಪು ಪಾನೀಯ ಸೌನಾದಿಂದ ಹೊರಗೆ ಬಂದ ಮೇಲೆ ಅಮೃತ. ಕೈಪಿರಿನ್ಯಾ ಅನ್ನುವ ಅವರ ಮದ್ಯ ಬೇಕಿದ್ದರೆ ಕೊನೆಗೆ ಕುಡಿಯಿರಿ. ಕುಡಿದು ಬಿಸಿ ಕೋಣೆಗೆ ಹೋಗಿ ತಲೆ ಸುತ್ತಿ ಕೂತುಬಿಟ್ಟವರನ್ನು ನೋಡಿದೆ. ಕೆಲಸದವರು ಓಡಿ ಬಂದು ನೀರು ಕೊಟ್ಟು ಗಾಳಿ ಹಾಕಿದರು.

ಕೆಟ್ಟದ್ದನ್ನೂ ಹೇಳಬೇಕು. ಮೂರನೆಯ ಜಾಗ, ಪೌಲಿಸ್ತಾ ಅವೆನ್ಯೂ ಆಚೆ ಕಡೆ ಒಂದು ಇಳಿಜಾರು ರಸ್ತೆಯಲ್ಲಿ. ಪ್ರವೇಶ ದರ ಕಡಿಮೆ, 50 ರಿಯಲ್. ಅದಕ್ಕೇ ಹೋದೆ. ಟವೆಲ್ ತೆಳ್ಳಗೆ, ಸರಿಯಾಗಿ ಒಣಗಿರಲಿಲ್ಲ. ಆವಿಯ ಕೋಣೆಯಲ್ಲಿ ಆವಿ ಇಲ್ಲ, ಸುಮ್ನೆ ಒದ್ದೆ ಕತ್ತಲು. ಮೂಲೆಗಳಲ್ಲಿ ಪಾಚಿ. ನೆಲ ಎಷ್ಟು ಜಾರುತ್ತಿತ್ತೆಂದರೆ ನನ್ನ ಕಣ್ಣೆದುರೇ ಒಬ್ಬರು ಬಿದ್ದು ಮೊಣಕೈ ತರಚಿಕೊಂಡರು. ಕೌಂಟರಿಗೆ ಹೇಳಿದರೆ ಒಬ್ಬನೇ ಒಬ್ಬ ಹುಡುಗ, ರಜೆ, ಉಳಿದವರು ಬಂದಿಲ್ಲ ಅಂದ. ಹೊರಡುವಾಗ ಬಿಲ್ ನೋಡಿದರೆ ನಾಲ್ಕು ಬಿಯರ್. ನಾನು ಆ ದಿನ ಕುಡಿದದ್ದು ಎರಡು ಬಾಟಲಿ ನೀರು. ಹೇಳಿದೆ. ಯಜಮಾನ ಅನ್ನಿಸಿಕೊಂಡವನು ಒಳಗಿನಿಂದ ಬಂದು ದೊಡ್ಡ ದನಿ ತೆಗೆದ. ಭಾಷೆ ಅರ್ಧ ಅರ್ಥವಾಗುತ್ತಿತ್ತು, ‘ಗ್ರಿಂಗೊ’, ಅಂದರೆ ಪರದೇಶದವನು, ಅನ್ನುವುದು ಪೂರ್ತಿ ಅರ್ಥವಾಯಿತು. ನನ್ನ ಕೈ ನಡುಗತೊಡಗಿತು. ದುಡ್ಡಿಗಲ್ಲ. ಇಂಥ ಕಡೆ ಯಾರಾದರೂ ದನಿ ಎತ್ತಿದರೆ ನನ್ನ ಕೈ ನಡುಗುತ್ತದೆ.

2006ರಲ್ಲಿ ಬೆಂಗಳೂರಿನ ಒಂದು ಪಾರ್ಕಿನ ಬೆಂಚಿನಲ್ಲಿ ಒಬ್ಬ ಗೆಳೆಯನ ಜೊತೆ ಕೂತಿದ್ದೆ. ಲಾಠಿ ಹಿಡಿದವನು ಒಬ್ಬ ಬಂದ. ಮನೆ ಫೋನ್ ನಂಬರ್ ಕೊಡು, ಅಪ್ಪನಿಗೆ ಹೇಳುತ್ತೇನೆ ಅಂದ. ಜೇಬಿನಲ್ಲಿದ್ದ 700 ರೂಪಾಯಿ, ಕೈಯಲ್ಲಿದ್ದ ವಾಚು, ಎರಡೂ ಹೋದವು. ವಾಚು ನಾನು ಡಿಗ್ರಿ ಮುಗಿಸಿದಾಗ ಅಪ್ಪ ಕೊಡಿಸಿದ್ದು. ಎಲ್ಲಿ ಹೋಯಿತು ಅಂತ ಕೇಳಿದಾಗ ಬಸ್ಸಿನಲ್ಲಿ ಕಳೆಯಿತು ಅಂದೆ. ಆ ಗೆಳೆಯ ಮತ್ತೆ ಭೇಟಿಯಾಗಲೇ ಇಲ್ಲ.

ಆ ಕೌಂಟರಿನಲ್ಲಿ ನಡುಗುತ್ತಾ ನಿಂತಾಗ ಹಿಂದೆ ಸಾಲಿನಲ್ಲಿದ್ದ ಇಬ್ಬರು ಮುಂದೆ ಬಂದು ನನ್ನ ಪರವಾಗಿ ಜಗಳ ತೆಗೆದರು. ಬಾರ್‌ನ ಚೀಟಿ ತರಿಸಿದರು. 64 ಅಲ್ಲ, ಅಲ್ಲಿ ನನ್ನದು 31, ಬರೆದಿದ್ದದ್ದು 37. ತಪ್ಪಾಗಿ ಓದಿದ್ದೋ ಬೇಕಂತ ಮಾಡಿದ್ದೋ ಗೊತ್ತಿಲ್ಲ. ಬಿಲ್ ಸರಿಯಾಯಿತು, ಕ್ಷಮಿಸಿ ಅಂತ ಒಂದು ಮಾತು ಬರಲಿಲ್ಲ. ದರ ಕಡಿಮೆ ಅಂತ ಅಂಥ ಕಡೆ ಹೋಗಬೇಡಿ. ನೆಲ ಒಣಗಿದೆಯಾ, ಟವೆಲ್ ವಾಸನೆ ಹೇಗಿದೆ, ಬಾಗಿಲಲ್ಲೇ ಗೊತ್ತಾಗುತ್ತದೆ. ಬಾರ್‌ನಲ್ಲಿ ಬರೆದುಕೊಳ್ಳುವಾಗ ನಂಬರ್ ಕಣ್ಣಾರೆ ನೋಡಿ.

ಇನ್ನು 24ರ ರಾತ್ರಿ. ಬ್ರೆಜಿಲ್‌ನಲ್ಲಿ ಕ್ರಿಸ್‌ಮಸ್‌ನ ದೊಡ್ಡ ಊಟ ಅಂದರೆ ಆ ದಿನ ಮಧ್ಯರಾತ್ರಿಯದ್ದು. ಸಂಜೆಯಾಗುತ್ತಿದ್ದ ಹಾಗೆ ಅಂಗಡಿಗಳ ಶಟರ್ ಒಂದೊಂದಾಗಿ ಕೆಳಗಿಳಿದವು. ಹಬ್ಬಕ್ಕೆ ಎಲ್ಲರೂ ಊರಿಗೆ ಹೋದ ಮೇಲೆ ಬೆಂಗಳೂರು ಬಿಕೋ ಅನ್ನುತ್ತದಲ್ಲ, ಹಾಗೆ. ಮಧ್ಯಾಹ್ನ ಧೋ ಅಂತ ಮಳೆ ಸುರಿದು ನಿಂತಿತ್ತು. ಅಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಆಫೀಸಿನ ಗೆಳತಿ ಊಟಕ್ಕೆ ಕರೆದಿದ್ದಳು, ಅವಳೂ ಕೊನೇ ಗಳಿಗೆಯಲ್ಲಿ ಅಮ್ಮನ ಊರಿಗೆ ಹೋದಳು. ಕೋಣೆಯಲ್ಲಿ ಕೂತಿರಲು ಆಗಲಿಲ್ಲ. ಅರೋಶಿಗೆ ನಡೆದೆ. ಆ ಸೌನಾ ತೆರೆದಿತ್ತು.

ಒಳಗೆ ಇಪ್ಪತ್ತು ಇಪ್ಪತ್ತೈದು ಜನ. ಬಾರ್ ಮೇಲೆ ಸಣ್ಣ ಕ್ರಿಸ್‌ಮಸ್ ಗಿಡ, ದೀಪದ ಸರ. ಪ್ಲೇಟುಗಳಲ್ಲಿ ಪನೆಟೋನೆ ಕೇಕ್ ತುಂಡು, ಹಬನಾಡಾ, ದ್ರಾಕ್ಷಿ, ಮಾವಿನ ಹಣ್ಣು. ಹಬನಾಡಾ ಅಂದರೆ ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ಅದ್ದಿ ಕರಿದು ಸಕ್ಕರೆ ದಾಲ್ಚಿನ್ನಿ ಉದುರಿಸಿದ್ದು. ಅದಕ್ಕೆ ಬೇರೆ ದುಡ್ಡಿಲ್ಲ. ಡಿಸೆಂಬರ್‌ನಲ್ಲಿ ಮಾವು! ನಾನು ಮೂರು ಹೋಳು ತಿಂದೆ. ಪಕ್ಕದಲ್ಲಿದ್ದ ಹಿರಿಯರು ನಕ್ಕು ನಾಲ್ಕನೆಯದನ್ನು ನನ್ನ ಕಡೆ ತಳ್ಳಿದರು.

ಅವರಿಗೆ ಎಪ್ಪತ್ತು ದಾಟಿತ್ತು. ಟವೆಲ್ಲನ್ನು ನಮ್ಮ ಕಡೆ ಪಂಚೆ ಉಡುವ ಹಾಗೆ ನೀಟಾಗಿ ಸುತ್ತಿಕೊಂಡಿದ್ದರು. ಹೋಟೆಲಿನ ರಿಸೆಪ್ಷನ್‌ನಲ್ಲಿ ಮೂವತ್ತು ವರ್ಷ ದುಡಿದವರು, ಅದಕ್ಕೇ ಇಂಗ್ಲಿಷ್ ಬರುತ್ತಿತ್ತು. ನನ್ನನ್ನು ‘ಮೇವು ಫಿಲ್ಯು’ ಅಂತ ಕರೆದರು, ನನ್ನ ಮಗನೇ ಅಂತ. ಬೆಂಗಳೂರಿನಲ್ಲಿ ಮಗಾ ಅನ್ನುತ್ತಾರಲ್ಲ, ಅಷ್ಟೇ ಸಲೀಸಾಗಿ. ಜೊತೆಗಾರ ತೀರಿಕೊಂಡು ಆರು ವರ್ಷ. ಅಂದಿನಿಂದ ಪ್ರತಿ 24ಕ್ಕೆ ಇಲ್ಲಿಗೆ ಬರುತ್ತಾರಂತೆ. ‘ತಂಗಿ ಮನೆಗೆ ಕರೀತಾಳೆ. ಹೋದ್ರೆ ಎಲ್ಲರೂ ಚೆನ್ನಾಗೇ ನೋಡ್ಕೋತಾರೆ. ಆದ್ರೆ ಅವನ ಹೆಸರು ಯಾರೂ ಎತ್ತಲ್ಲ. ಇಲ್ಲಿ ಎತ್ತುತ್ತಾರೆ’ ಅಂದರು. ಅಂದ ಹಾಗೇ ಬಾರ್‌ನವನ ಕಡೆ ತಿರುಗಿ ಒಂದು ಹೆಸರು ಹೇಳಿದರು. ಬಾರ್‌ನವನು ಗ್ಲಾಸ್ ಒರೆಸುತ್ತಿದ್ದವನು ಕೈ ಎದೆಗೆ ಮುಟ್ಟಿಸಿಕೊಂಡ.

ಅವರಿಗೆ 2006ರ ಆ ಬೆಂಚಿನ ಕಥೆ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಹತ್ತಿರದ ಗೆಳೆಯರಿಗೂ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮದನ್ನು ಹೇಳಿದರು. 1980. ಬ್ರೆಜಿಲ್‌ನಲ್ಲಿ ಇನ್ನೂ ಮಿಲಿಟರಿ ಆಡಳಿತ. ಊರಿನ ಮಧ್ಯಭಾಗವನ್ನು ‘ಸ್ವಚ್ಛ’ ಮಾಡುತ್ತೇವೆ ಅಂತ ಪೊಲೀಸರು ಹೊರಟಿದ್ದರು. ಗೇಗಳು, ಹೆಣ್ಣಾಗಿ ಬದುಕುವ ಟ್ರಾವೆಸ್ಟಿಗಳು, ರಸ್ತೆಯಲ್ಲಿ ನಿಲ್ಲುವ ಹೆಂಗಸರು, ಸಿಕ್ಕಿದವರನ್ನೆಲ್ಲ ವ್ಯಾನಿಗೆ ತುಂಬುತ್ತಿದ್ದರು. ಜೂನ್ 13ರಂದು ಮುನಿಸಿಪಲ್ ಥಿಯೇಟರಿನ ಮುಂದೆ ಜನ ಸೇರಿ ಪ್ರತಿಭಟನೆ ಮಾಡಿದರು. ಇವರೂ ಹೋಗಿದ್ದರು, ಹೋಟೆಲಿನ ಯೂನಿಫಾರ್ಮ್ ಮೇಲೆ ಕೋಟು ಹಾಕಿಕೊಂಡು. ‘ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಭಯ ಇತ್ತು. ಆದ್ರೆ ನಿಂತಿದ್ದೆ’ ಅಂದರು. 1997ರಲ್ಲಿ ಪೌಲಿಸ್ತಾ ಅವೆನ್ಯೂದಲ್ಲಿ ಮೊದಲ ಪ್ರೈಡ್ ಮೆರವಣಿಗೆ ಆದಾಗ ಜೊತೆಗಾರನ ಕೈ ಹಿಡಿದು ನಡೆದರಂತೆ. ಈಗ ಅದು ಲೋಕದ ಅತಿ ದೊಡ್ಡ ಪ್ರೈಡ್ ಮೆರವಣಿಗೆಗಳಲ್ಲಿ ಒಂದು.

ಮಧ್ಯರಾತ್ರಿ ಹನ್ನೆರಡಕ್ಕೆ ಹಾಡು ನಿಲ್ಲಿಸಿದರು. ಆವಿಯ ಕೋಣೆಯಲ್ಲಿದ್ದವರನ್ನೂ ಕರೆದರು. ಎಲ್ಲರೂ ಒದ್ದೆ ಮೈಯಲ್ಲಿ, ಬಿಳಿ ಟವೆಲ್‌ನಲ್ಲಿ ನಿಂತು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ‘ಫೆಲಿಸ್ ನತಾವ್’, ಹ್ಯಾಪಿ ಕ್ರಿಸ್‌ಮಸ್ ಅಂತ. ನನ್ನನ್ನು ಇಪ್ಪತ್ತು ಜನ ಅಪ್ಪಿಕೊಂಡರು. ಅದರಲ್ಲಿ ಆಸೆ ಇರಲಿಲ್ಲ, ಹಬ್ಬವಿತ್ತು. ಇಬ್ಬರು ಅಳುತ್ತಿದ್ದರು. ನಾನೂ ಅತ್ತೆ. ಆಮೇಲೆ ಮತ್ತೆ ಹಾಡು ಹಾಕಿದರು, ಯಾರೋ ನನಗೆ ಹೆಜ್ಜೆ ಹೇಳಿಕೊಟ್ಟರು.

31ರ ಬೆಳಿಗ್ಗೆ ಪೌಲಿಸ್ತಾದಲ್ಲಿ ಸಾವೊ ಸಿಲ್ವೆಸ್ಟ್ರೆ ಓಟ ನೋಡಿದೆ. 15 ಕಿಲೋಮೀಟರ್, 1925ರಿಂದ ನಡೆದುಕೊಂಡು ಬಂದದ್ದು. ಮಧ್ಯಾಹ್ನ ಅದೇ ಸೌನಾಕ್ಕೆ ಹೋದರೆ ಬಿಸಿನೀರಿನ ತೊಟ್ಟಿಯಲ್ಲಿ ಒಬ್ಬ ಕುತ್ತಿಗೆಗೆ ಓಟದ ಪದಕ ಹಾಕಿಕೊಂಡೇ ಕೂತಿದ್ದ. ಮೀನಖಂಡ ಹಿಡಿದುಕೊಂಡಿದೆ ಅಂತ ತೋರಿಸಿದ, ತಿಕ್ಕಿಕೊಟ್ಟೆ. ಮುಂದಿನದು ನಮ್ಮಿಬ್ಬರದು, ಇಲ್ಲಿ ಬೇಡ. ಸಂಜೆ ಹೊರಗೆ ಬಂದಾಗ ಊರೆಲ್ಲ ಬಿಳಿ ಬಟ್ಟೆ. ಹೊಸ ವರ್ಷಕ್ಕೆ ಬಿಳಿ ಹಾಕುವುದು ಅಲ್ಲಿನ ರೂಢಿ. ಒಳಗಿನ ಬಿಳಿ ಟವೆಲ್‌ಗಳ ನಡುವೆ ಮಧ್ಯಾಹ್ನವೆಲ್ಲ ಇದ್ದು ಬಂದವನಿಗೆ, ಎಲ್ಲರೂ ಅಲ್ಲಿಂದಲೇ ಎದ್ದು ಬಂದ ಹಾಗೆ ಕಂಡಿತು.

ನಾಲ್ಕನೆಯದು ಫ್ರೇ ಕನೆಕಾ ರಸ್ತೆಯ ಕಡೆಯದು. ಹೊಸದು, ಲೈಟು ಜಾಸ್ತಿ, ಹುಡುಗರು ಜಾಸ್ತಿ, ಸಂಗೀತ ಜೋರು. ಶುಚಿಗೆ ನೂರಕ್ಕೆ ನೂರು. ಮಾತಾಡಲು ಆಗುವುದಿಲ್ಲ. ಇಪ್ಪತ್ತೈದರ ಒಳಗಿನವರಿಗೆ ಅರ್ಧ ದರ ಇತ್ತು. ಆ ವಯಸ್ಸಿನವರಿಗೆ ಹಿಡಿಸಬಹುದು.

ಹೋಗುವವರಿಗೆ ಇನ್ನೆರಡು ಮಾತು. ಭಾನುವಾರ ಮಧ್ಯಾಹ್ನ ಮೂರರಿಂದ ಏಳು ಒಳ್ಳೆಯ ಹೊತ್ತು, ಎಲ್ಲ ವಯಸ್ಸಿನವರೂ ಬರುತ್ತಾರೆ. ಭಾನುವಾರ ಹಗಲು ಹೊತ್ತು ಪೌಲಿಸ್ತಾದಲ್ಲಿ ವಾಹನ ಬಿಡುವುದಿಲ್ಲ, ನಡೆದುಕೊಂಡು ಬರುವುದೇ ಒಂದು ಸುಖ. ರಾತ್ರಿ ಅರೋಶಿ, ಹೆಪುಬ್ಲಿಕಾ ಸುತ್ತ ಫೋನ್ ಕೈಯಲ್ಲಿ ಹಿಡಿದು ನಡೆಯಬೇಡಿ, ಬಾಗಿಲಿಗೇ ಟ್ಯಾಕ್ಸಿ ಕರೆಸಿಕೊಳ್ಳಿ. ಕಾಂಡೋಮ್ ಬಗ್ಗೆ ಸಂಕೋಚ ಬೇಡ, ಕೇಳಿದಷ್ಟು ಕೊಡುತ್ತಾರೆ. ಹೆಪುಬ್ಲಿಕಾ ಮೆಟ್ರೊ ಸ್ಟೇಷನ್ ಒಳಗೇ ನಗರದ ಆರೋಗ್ಯ ಇಲಾಖೆಯ ಒಂದು ಕೇಂದ್ರ ಇದೆ, 2023ರಲ್ಲಿ ಶುರುವಾದದ್ದು. ಎಚ್‌ಐವಿ ಪರೀಕ್ಷೆ, ಸೋಂಕು ತಗುಲದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆ, ಸಂಜೆ ಕೆಲಸ ಬಿಟ್ಟು ಮನೆಗೆ ಹೋಗುವ ಹೊತ್ತಿಗೆ. ಬ್ರೆಜಿಲ್‌ನ ಸರ್ಕಾರಿ ಆರೋಗ್ಯ ವ್ಯವಸ್ಥೆ ಆ ಮಾತ್ರೆಯನ್ನು ಬಿಟ್ಟಿ ಕೊಡುತ್ತದೆ. ಟಿಕೆಟ್ ಗೇಟಿನ ಹತ್ತಿರ ಜನ ತರಕಾರಿ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದರು, ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ನಮ್ಮಲ್ಲೂ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಅನ್ನುವ ಸಲಹೆ ಮತ್ತು ಪರೀಕ್ಷೆಯ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಬಿಟ್ಟಿ, ಗುಟ್ಟಾಗಿಯೇ ಇಡುತ್ತಾರೆ. ವಾಪಸ್ ಬಂದು ನಾನು ಮಾಡಿಸಿಕೊಂಡೆ.

ಜನವರಿ ಮೊದಲ ವಾರ ಕೊನೆಯ ಸಲ ಹೋದಾಗ ಆ ಹಿರಿಯರು ಇರಲಿಲ್ಲ. ಕೌಂಟರಿನ ಹುಡುಗನ ಹತ್ತಿರ ವಿಚಾರಿಸಿದೆ. ಅವರು ಶನಿವಾರ ಬರುವುದು ಅಂದ. ಬೆಂಗಳೂರಿನಿಂದ ತಂದಿದ್ದ ಮೈಸೂರು ಸ್ಯಾಂಡಲ್ ಸೋಪು ಒಂದು ಉಳಿದಿತ್ತು. ಅವರಿಗೆ ಕೊಡು ಅಂತ ಅವನ ಕೈಗೆ ಕೊಟ್ಟೆ. ಅವನು ಡಬ್ಬಿಯನ್ನು ಮೂಗಿಗೆ ಹಿಡಿದು, ‘ಸಬಾಂವ್?’ ಅಂದ. ಹೌದು, ಸಾಬೂನು ಅಂದೆ. ಅವನು ಅದನ್ನು ಹಿಂದಿನ ಕಪಾಟಿನಲ್ಲಿ ಇಟ್ಟು, ನನ್ನ ಕಡೆ 64ನೇ ಚಾವಿ ಚಾಚಿದ.